ದೊಡ್ಡವ್ವ ಮತ್ತು ಗುಂಯ್‌ಡಬ್ಬಿ

ನಮ್ಮ ಮನೆಯ ಫ್ರಿಜ್ಜು ಶುರುವಾದರೆ ಸಾಕು, ನಾನೂ ಅದರ ಜೊತೆ ಸಣ್ಣಗೆ ಗುನುಗತೊಡಗುತ್ತೇನೆ. ಹಾಡಲ್ಲ, ರಾಗವಲ್ಲ. ಅದು ಯಾವ ಸ್ವರದಲ್ಲಿ ಗುಂಯ್ ಎನ್ನುತ್ತದೋ ಅದೇ ಸ್ವರದಲ್ಲಿ ನನ್ನದೂ ಒಂದು ಗುಂಯ್. ಬೇಕೆಂದು ಮಾಡುವುದಲ್ಲ, ತಾನಾಗಿ ಬರುತ್ತದೆ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ತಲೆಯ ಮೇಲಿನ ಹಳೆಯ ಫ್ಯಾನಿನ ಜೊತೆ ಹೀಗೇ ದನಿಗೂಡಿಸುತ್ತಿದ್ದೆ. ಮುಂದೆ ನಿಂತಿದ್ದ ಹಿರಿಯರೊಬ್ಬರು ಹಿಂತಿರುಗಿ ನೋಡಿ, "ಆರಾಮ ಅದೀರಿಲ್ರಿ?" ಎಂದು ವಿಚಾರಿಸಿದರು. ನನ್ನ ಹೆಂಡತಿ ಕಸ್ತೂರಿಯಂತೂ ಯಾರ ಮನೆಗೆ ಊಟಕ್ಕೆ ಹೊರಟರೂ ಬಾಗಿಲಲ್ಲೇ ಎಚ್ಚರಿಸುತ್ತಾಳೆ. "ಅವ್ರ ಮನ್ಯಾಗ ಮಿಕ್ಸರ್ ಹಚ್ಚಿದ್ರ ಸುಮ್ನ ಕುಂದ್ರಿ ಮತ್ತ. ಹೋದ ಸಲ ಆ ಹುಡುಗಿ ಹೆದರಿ ಚಟ್ನಿ ಅರಿಯೂದ ಬಿಟ್ಲು."

ಈ ಚಟ ಹತ್ತಿದ್ದು ಬ್ಯಾಡಗಿಯಲ್ಲಿ. ಅಲ್ಲಿ ನಮ್ಮಪ್ಪನದೊಂದು ಖಾರದ ಗಿರಣಿ ಇತ್ತು. ಗಿರಣಿಯ ಹಿಂದೆಯೇ ಮನೆ, ನಡುವೆ ಒಂದೇ ಗೋಡೆ. ನಮ್ಮ ಓಣಿಯ ಮಕ್ಕಳು ಮಾತು ಕಲಿಯುವ ಮೊದಲು ಸೀನುವುದನ್ನು ಕಲಿಯುತ್ತಿದ್ದವು. ಸುಗ್ಗಿಯ ದಿನಗಳಲ್ಲಿ ಊರಿನ ಗಾಳಿಯೇ ಕೆಂಪಗಾಗಿದೆಯೇನೋ ಅನ್ನಿಸುತ್ತಿತ್ತು. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡು ಓಡಾಡಿದರೆ ನಮಗೆ ನಗು. ಆದರೆ ನನ್ನ ಮೂಗಿಗಿಂತ ಹೆಚ್ಚು ಪಳಗಿದ್ದು ಕಿವಿ. ಖಾಲಿ ಓಡುವ ಗಿರಣಿಯ ದನಿ ಎತ್ತರದಲ್ಲಿರುತ್ತದೆ. ಮೆಣಸಿನಕಾಯಿ ಸುರಿದ ಕೂಡಲೇ ಅದು ಕೆಳಗಿಳಿಯುತ್ತದೆ, ಖಾರ ಉದುರಿ ಮುಗಿಯುತ್ತ ಬಂದ ಹಾಗೆ ಮೆಲ್ಲಗೆ ಮೇಲೇರುತ್ತದೆ. ಗೋಡೆಯ ಈಚೆ ಪಾಠ ಬರೆಯುತ್ತ ಕುಳಿತೇ ಅಪ್ಪ ಈಗ ಏನು ಮಾಡುತ್ತಿದ್ದಾನೆ ಎಂದು ನಾನು ಹೇಳುತ್ತಿದ್ದೆ.

ಹಾಗೆ ಕೇಳುವುದನ್ನು ಕಲಿಸಿದ್ದು ದೊಡ್ಡವ್ವ. ಅವ್ವನ ಅಕ್ಕ, ಹೆಸರು ನೀಲವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ನಮ್ಮವಳೇ ಆಗಿ ಉಳಿದಳು. ಮೊರದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಅವಳು ಗಿರಣಿಯ ಶ್ರುತಿಗೇ ತತ್ವಪದ ಹಾಡುತ್ತಿದ್ದಳು. ಗಿರಣಿ ಕೆಳಗಿಳಿದರೆ ಹಾಡು ನಿಲ್ಲಿಸಿ, ಅದು ತಿರುಗಿ ತನ್ನ ಜಾಗಕ್ಕೆ ಬರುವವರೆಗೆ ಕಾಯುತ್ತಿದ್ದಳು. "ತಡಿ ತಮ್ಮಾ, ನಮ್ಮ ಪೇಟಿ ಮಾಸ್ತರ್ ಉಣ್ಣಾಕ ಹತ್ಯಾರ" ಎನ್ನುತ್ತಿದ್ದಳು. ಪೇಟಿ ಎಂದರೆ ಹಾರ್ಮೋನಿಯಂ. ಗಿರಣಿಗೆ ಅವಳಿಟ್ಟ ಹೆಸರು ಅದು.

ನಾನು ಮುಂದೆ ಹಾವೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಬೀಜ ಮೊಳೆಯುತ್ತದೋ ಇಲ್ಲವೋ ಎಂದು ನೋಡುವ ಕೋಣೆಯಲ್ಲಿ ನನ್ನ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿ ಇಡುವುದು, ಕಾಯುವುದು. ಕಾಯುವ ಕೆಲಸದಲ್ಲಿರುವವನಿಗೆ ಇಲ್ಲದ ಹುಚ್ಚು ಹತ್ತುವುದು ಸಹಜ. ಒಂದು ಭಾನುವಾರ ಹಾವೇರಿಯ ಸೈಬರ್ ಕೆಫೆಯಲ್ಲಿ ಏನನ್ನೋ ಹುಡುಕುತ್ತಿದ್ದವನಿಗೆ ಒಂದು ಚಿತ್ರ ಕಂಡಿತು. ಗೋಡೆಯೆತ್ತರದ ಕಪಾಟು, ಅದರ ತುಂಬ ತಿರುಗಿಸುವ ಗುಂಡಿಗಳು, ಮುಂದೆ ಜೋತಾಡುವ ಬಣ್ಣಬಣ್ಣದ ವಾಯರುಗಳು. ಟೆಲಿಫೋನ್ ಎಕ್ಸ್‌ಚೇಂಜ್ ಇರಬೇಕು ಅಂದುಕೊಂಡೆ. ಕೆಳಗೆ ಓದಿದರೆ, ಅದು ವಾದ್ಯ!

ಸಿಂಥೆಸೈಜರ್ ಎಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ. ಅದರಲ್ಲಿ ಇದೊಂದು ಜಾತಿ, ಮಾಡ್ಯುಲರ್ ಎನ್ನುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ ಇರುತ್ತದೆ. ಒಂದು ಡಬ್ಬಿ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಯಾವುದನ್ನು ಯಾವುದಕ್ಕೆ ಬೇಕಾದರೂ ವಾಯರಿನಿಂದ ಜೋಡಿಸಬಹುದು. ಸೋಸುವ ಡಬ್ಬಿಯ ಗುಂಡಿ ತಿರುಗಿಸಿದರೆ ಸ್ವರದ ಚೂಪು ಮೊನೆಗಳೆಲ್ಲ ಹೋಗಿ ತಳದ ಗುಂಯ್ ಮಾತ್ರ ಉಳಿಯುತ್ತದೆ. ಜರಡಿ ಹಿಡಿದು ರವೆ, ಹಿಟ್ಟು ಬೇರೆ ಮಾಡುವುದಿಲ್ಲವೇ, ಹಾಗೆ. ಇಷ್ಟು ಓದಿದ್ದೇ, ಇದನ್ನು ಮಾಡದೆ ನಾನು ಬದುಕಲಾರೆ ಅನ್ನಿಸಿಬಿಟ್ಟಿತು. ಅಲ್ಲಿಯವರೆಗೆ ಬದುಕಿದ್ದೇ ಹೇಗೆ ಎಂದು ಯೋಚಿಸುವ ಸಹನೆ ಇರಲಿಲ್ಲ.

ಸಾಮಾನು ಒಟ್ಟುಗೂಡಿಸಿದ್ದೇ ಒಂದು ಕಥೆ. ಸತ್ತ ರೇಡಿಯೋ, ಟೇಪ್‌ರೆಕಾರ್ಡರುಗಳ ಹೊಟ್ಟೆ ಬಗೆದು ವಾಲ್ಯೂಮ್ ಕಂಟ್ರೋಲ್, ಕಂಡೆನ್ಸರ್ ಕಿತ್ತೆ. ಸಿಗದ ಐಸಿ ಚಿಪ್‌ಗಳಿಗಾಗಿ ಹುಬ್ಬಳ್ಳಿಗೆ ಹೋದೆ. ಮುಂಭಾಗದ ತಗಡಿಗೆ ತೂತು ಕೊರೆಸಲು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿಗಳ ನಂಬರ್‌ಪ್ಲೇಟ್ ಮಾಡುವವನ ಬಳಿ ಹೋದೆ. ಅವನು ತಗಡನ್ನು ತಿರುವಿ ಮುರುವಿ ನೋಡಿ ಕೇಳಿದ. "ಯಾವ ಗಾಡೀದ್ರಿ ಇದು? ಇಷ್ಟು ತೂತು ಹಾಕಿದ್ರ ನಂಬರ್ ಎಲ್ಲಿ ಬರೀಲಿ?"

ಗಾಡಿಯದಲ್ಲ, ಸಂಗೀತದ್ದು ಎಂದೆ. ಅವನು ತೂತು ಕೊರೆಯುವಾಗ ಆಗಾಗ ನನ್ನ ಮುಖ ನೋಡಿದ.

ಮೊದಲ ಸ್ವರ ಬಂದಾಗ ಆದ ಸಂತೋಷವನ್ನು ಹೇಗೆ ಹೇಳಲಿ. ಕಸ್ತೂರಿ ಒಲೆಯ ಮುಂದಿನಿಂದ ಓಡಿ ಬಂದಳು, ಸಂತೋಷದಿಂದಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ತಲೆ ಹಾಕಿ ನಮ್ಮಲ್ಲಿ ಬೆಕ್ಕೇನಾದರೂ ಬಾವಿಗೆ ಬಿದ್ದಿದೆಯೇ ಎಂದು ಕೇಳಿದರು. ನಮ್ಮಲ್ಲಿ ಬಾವಿಯೇ ಇರಲಿಲ್ಲ. ಇದಕ್ಕೆ ಗುಂಯ್‌ಡಬ್ಬಿ ಎಂದು ಹೆಸರಿಟ್ಟವಳು ಕಸ್ತೂರಿಯೇ. ಅದರಿಂದ ಆದ ಒಂದೇ ಉಪಕಾರವೆಂದರೆ, ಮೊಬೈಲು ಊರಿಗೆ ಹೊಸದಾಗಿ ಬಂದ ಆ ದಿನಗಳಲ್ಲಿ ಫೋನು ಬಡಿದುಕೊಳ್ಳುವ ಮೊದಲೇ ನನ್ನ ಡಬ್ಬಿ ಟಟ್-ಟಟ್-ಟಟ್ ಎಂದು ಸೂಚನೆ ಕೊಡುತ್ತಿತ್ತು. ಇದನ್ನು ತೋರಿಸಿ ಓಣಿಯಲ್ಲಿ ಕೆಲವು ದಿನ ಮರ್ಯಾದೆ ಪಡೆದೆ. ಅದರಲ್ಲಿ ಏನು ನುಡಿಸುತ್ತೀರಿ ಎಂದು ಯಾರಾದರೂ ಕೇಳಿದರೆ ಮಾತ್ರ ಪೇಚಿಗೆ ಬೀಳುತ್ತಿದ್ದೆ. ನನಗೆ ನುಡಿಸಲು ಬರುವುದಿಲ್ಲ, ಹಾಡಲು ಮೊದಲೇ ಬರುವುದಿಲ್ಲ. ಒಂದು ಸ್ವರ ಹಚ್ಚಿಟ್ಟು, ಗುಂಡಿ ತಿರುಗಿಸುತ್ತ, ಅದು ಬಣ್ಣ ಬದಲಿಸುವುದನ್ನು ಕೇಳುತ್ತ ಕುಳಿತರೆ ನನಗೆ ಊಟ ಬೇಡ. ಇಷ್ಟೇ ನನ್ನ ಸಂಗೀತ.

ಇಂಥ ದಿನಗಳಲ್ಲಿ ದೊಡ್ಡವ್ವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಣೆಬೆನ್ನೂರಿಗೆ, ನಮ್ಮ ಮನೆಗೆ ಬಂದಳು. ಕಣ್ಣಿನದು ಸಣ್ಣ ತೊಂದರೆ. ದೊಡ್ಡದು ಕಿವಿಯದು. ಕೆಲವು ವರ್ಷಗಳಿಂದ ಅವಳಿಗೆ ಕೇಳಿಸುವುದು ಕಡಿಮೆಯಾಗುತ್ತ ಬಂದಿತ್ತು. ಹಾವೇರಿಯ ಡಾಕ್ಟರು ನೋಡಿ, ಸಣ್ಣ ಚೂಪು ದನಿಗಳು ಪೂರ್ತಿ ಹೋಗಿವೆ, ದಪ್ಪ ದನಿಗಳು ಒಂದಿಷ್ಟು ಉಳಿದಿವೆ, ಅವೂ ಹೋಗುತ್ತವೆ ಎಂದಿದ್ದರು. ಕಿವಿಗೆ ಹಾಕುವ ಮಷಿನ್ ಕೊಟ್ಟರು. ಅದನ್ನು ಹಾಕಿಕೊಂಡರೆ ತಾಳದ ಸದ್ದು ಕಿವಿಯನ್ನು ಕೊಯ್ಯುತ್ತದೆ ಎಂದು ದೊಡ್ಡವ್ವ ಅದನ್ನು ಲವಂಗದ ಡಬ್ಬಿಯಲ್ಲಿ ಹಾಕಿಟ್ಟಳು.

ಇಲ್ಲಿ ಭಜನೆಯ ಒಂದು ರೀತಿಯನ್ನು ಹೇಳಬೇಕು. ಬ್ಯಾಡಗಿಯಲ್ಲಿ ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಸೋಮವಾರ ಮಧ್ಯಾಹ್ನ ಹೆಂಗಸರ ಭಜನೆ ನಡೆಯುತ್ತದೆ. ಒಬ್ಬಳು ಮುಂದೆ ಹಾಡುತ್ತಾಳೆ, ಉಳಿದವರು ಅದೇ ಸಾಲನ್ನು ಹಿಂದೆ ಹಿಡಿಯುತ್ತಾರೆ. ಮುಂದೆ ಹಾಡುವವಳು ಯಾವ ಶ್ರುತಿಯಲ್ಲಿ ಎತ್ತುತ್ತಾಳೋ ಹಿಂದಿನವರು ಅದನ್ನೇ ಹಿಡಿಯಬೇಕು. ನಡುವೆ ಅವಳು ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ. ಹಿಂದಿನಿಂದ ತಿದ್ದುವ ರೂಢಿಯಿಲ್ಲ. ತಿದ್ದಿದರೆ ಹಾಡನ್ನು ಮುರಿದಂತೆ ಎನ್ನುತ್ತಾರೆ. ಪೇಟಿ ನುಡಿಸುತ್ತಿದ್ದ ಮುದುಕ ದಾವಣಗೆರೆಗೆ, ಮಗಳ ಮನೆಗೆ ಹೋದ ಮೇಲೆ ಶ್ರುತಿಗೆ ಬೇರೆ ಆಧಾರವೂ ಇರಲಿಲ್ಲ. ಎಷ್ಟೋ ವರ್ಷ ಮುಂದೆ ಹಾಡಿದವಳು ದೊಡ್ಡವ್ವ. ಅವಳ ಬೆನ್ನಿಗೇ ಕುಳಿತು ಹಿಂದೆ ಹಿಡಿಯುತ್ತಿದ್ದವಳು ಫಕೀರವ್ವ, ನಮ್ಮ ಎದುರು ಮನೆಯವಳು, ದೊಡ್ಡವ್ವನಿಗಿಂತ ಸ್ವಲ್ಪ ಚಿಕ್ಕವಳು.

ಕಿವಿ ಹೋಗುತ್ತ ಹೋದಂತೆ ದೊಡ್ಡವ್ವನ ಶ್ರುತಿ ಅಲೆಯತೊಡಗಿತು. ಒಂದು ನುಡಿ ಒಂದು ಎತ್ತರದಲ್ಲಿ, ಮುಂದಿನದು ಇನ್ನೊಂದರಲ್ಲಿ. ಅವಳಿಗದು ಗೊತ್ತಿಲ್ಲ. ಹಿಂದಿನವರು ರೂಢಿ ಬಿಡದೆ ಅವಳು ಹೋದಲ್ಲೆಲ್ಲ ಹೋದರು. ಒಂದು ಸೋಮವಾರ ಅವಳು ಹಾಡುತ್ತಲೇ ಯಾಕೋ ಹಿಂತಿರುಗಿ ನೋಡಿದಳಂತೆ. ಹಾಡು ನಿಲ್ಲಿಸಿ, ಕೈಯಲ್ಲಿದ್ದ ತಾಳವನ್ನು ಫಕೀರವ್ವನ ಮಡಿಲಲ್ಲಿಟ್ಟು, ಎದ್ದು ಮನೆಗೆ ಬಂದಳು. ಆಮೇಲೆ ಗುಡಿಯ ಕಡೆ ಹೋಗಲಿಲ್ಲ. ಯಾರೆಷ್ಟು ಕರೆದರೂ ಇಲ್ಲ.

ಏನು ಕಂಡಿತು ಎಂದು ನಾನು ಅವಳ ಎಡಗಿವಿಯ ಹತ್ತಿರ ಬಾಯಿಟ್ಟು, ದನಿ ದಪ್ಪ ಮಾಡಿ ಕೇಳಿದ್ದೆ.

"ಅವ್ರ ಮಾರಿ ನೋಡಿದ್ನಪಾ" ಎಂದಳು. "ಹಾಡೂ ಮಾರಿ ಅಲ್ಲ ಅವು. ಹೊರಿ ಹೊತ್ತವ್ರ ಮಾರಿ. ಎಷ್ಟು ದಿನದಿಂದ ಹೊತ್ತಿದ್ರೋ ಏನೋ, ನನಗ ಒಬ್ಬರೂ ಹೇಳಲಿಲ್ಲ."

ಮತ್ತೆ ಅವಳೇ ಹೇಳಿದಳು. "ಕಿವಿ ಹೋತಂತ ಅಳೂದಿಲ್ಲ ತಮ್ಮಾ. ಒಂದ ಒಂದು ಸೋಮವಾರ ನೆಟ್ಟಗ ಹಾಡಿ, ಸಾಕವ್ವಾ ಅಂತ ಹೇಳಿ ತಾಳ ಕೊಟ್ಟು ಬರಬೇಕಿತ್ತು. ತಪ್ಪು ಹಾಡಿ ಎದ್ದು ಬಂದೇನಿ. ಅದು ಹೊರಳ್ಯಾಡತೈತಿ ಒಳಗ."

ಹಾಡುವುದು ಅವಳಿಗೆ ಏನಾಗಿತ್ತು ಎಂದು ನನಗೆ ಗೊತ್ತಿತ್ತು. ಗಂಡ ಹೋದ ಮೇಲೆ ಅವಳು ತನ್ನದೆಂದು ಇಟ್ಟುಕೊಂಡದ್ದು ಅದೊಂದನ್ನೇ. ಕಸ್ತೂರಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ದೊಡ್ಡವ್ವ ನಮ್ಮ ಪಡಸಾಲೆಯಲ್ಲಿ ಕುಳಿತಿರುತ್ತಿದ್ದಳು. ಸುಮ್ಮನೆ ಕುಳಿತು ಗೊತ್ತಿಲ್ಲದವಳು, ಮೆಂತ್ಯದ ಸೊಪ್ಪನ್ನು ಮುಟ್ಟಿ ಮುಟ್ಟಿಯೇ ಸೋಸುತ್ತಿದ್ದಳು. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಡಬ್ಬಿಯ ಮುಂದೆ ಕುಳಿತಿದ್ದೆ. ಒಂದು ದಪ್ಪ ಸ್ವರವನ್ನು ಸೋಸುತ್ತಿದ್ದೆ. ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಅಂಗೈಯನ್ನು ಮೇಜಿನ ಮೇಲೆ ಒತ್ತಿದಳು.

"ಗಿರಣಿ ಹಚ್ಚಿಯೇನೋ?" ಎಂದಳು. ಆಮೇಲೆ ತುಟಿ ಮುಚ್ಚಿಕೊಂಡೇ, ಎಷ್ಟೋ ದಿನಗಳ ಮೇಲೆ, ಒಂದು ಸ್ವರ ತೆಗೆದಳು. ಅದು ನನ್ನ ಡಬ್ಬಿಯದೇ ಸ್ವರವಾಗಿತ್ತು. ನಾನು ಗುಂಡಿಯನ್ನು ಒಂದಿಷ್ಟು ತಿರುಗಿಸಿದೆ. ಅವಳ ದನಿ ಅದರ ಹಿಂದೆಯೇ ಬಂತು.

ಆ ಹೊತ್ತಿನಿಂದ ಡಬ್ಬಿಗೆ ಒಂದು ಕೆಲಸ ಹುಟ್ಟಿತು. ನಾನು ಹಳೆಯ ದೊಡ್ಡ ಸ್ಪೀಕರನ್ನು ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮೇಲೆ ತೆಳ್ಳನೆಯ ಹಲಗೆ ಬಡಿದು, ಡಬ್ಬಿಗೆ ಜೋಡಿಸಿದೆ. ಅವಳು ಬಲಗೈಯನ್ನು ಹಲಗೆಯ ಮೇಲಿಟ್ಟು ಎಡಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಎರಡೂ ಕೈಗೆ ಒಂದೇ ನಡುಕ ಹತ್ತುವವರೆಗೆ ದನಿಯನ್ನು ಸರಿಸುತ್ತಿದ್ದಳು. ನಾನು ಸ್ವರವನ್ನು ಮೇಲೆ ಕೆಳಗೆ ಮಾಡಿ, ಸೋಸುವ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿ, "ಈಗ ಕೇಳಸ್ತೈತೇನ ದೊಡ್ಡವ್ವಾ? ಈಗ?" ಎಂದು ಕೂಗುತ್ತಿದ್ದೆ. ಕೆಲವಕ್ಕೆ ತಲೆಯಾಡಿಸುತ್ತಿದ್ದಳು. ಕೆಲವಕ್ಕೆ, "ಇದು ಬರೇ ನೊಣ. ಬ್ಯಾರೇದು ಹಚ್ಚು" ಎನ್ನುತ್ತಿದ್ದಳು. ಹೀಗೆ ಅವಳ ಕಿವಿಯಲ್ಲೂ ಅಂಗೈಯಲ್ಲೂ ಉಳಿದಿದ್ದ ದನಿಯ ಜಾಗವನ್ನು ಇಬ್ಬರೂ ಸೇರಿ ಹುಡುಕಿದೆವು. ಜಾಗ ಚಿಕ್ಕದಿತ್ತು, ಆದರೆ ಒಂದು ಶ್ರುತಿ ಹಿಡಿಸುವಷ್ಟು ಇತ್ತು. ಬಟ್ಟೆ ಬಿಚ್ಚುವ ಹೊತ್ತಿಗೆ ಅವಳೇ ಕೇಳಿದಳು. "ಇದನ್ನ ಗುಡಿಗೆ ಒಯ್ಯಾಕ ಬರ್ತೈತೇನೋ?"

ನಾನೂ ಅವಳೂ ಪ್ಯಾಸೆಂಜರ್ ರೈಲಿನಲ್ಲಿ ಡಬ್ಬಿ ಹೊತ್ತುಕೊಂಡು ಬ್ಯಾಡಗಿಗೆ ಹೋದೆವು. ರಾಣೆಬೆನ್ನೂರಿನಿಂದ ಏನು ಹೊತ್ತು ತಂದರೂ ಅದು ಬೀಜಕ್ಕೆ ಸಂಬಂಧಪಟ್ಟದ್ದೇ ಎಂದು ನಮ್ಮ ಕಡೆಯವರ ನಂಬಿಕೆ. ಎದುರಿಗೆ ಕುಳಿತ ರೈತರೊಬ್ಬರು ಹತ್ತಿಬೀಜ ಪರೀಕ್ಷೆ ಮಾಡುವ ಮಷಿನ್ನೇ ಎಂದು ಕೇಳಿದರು. ಇದು ಭಜನೆಗೆ ಎಂದೆ. ಅವರು ಕಾಲು ಮಡಚಿ ಡಬ್ಬಿಗೆ ಜಾಗ ಬಿಟ್ಟುಕೊಟ್ಟರು.

ಅದು ಕಡು ಬೇಸಿಗೆ. ಗುಡಿಯ ಮುಂದಿನ ಪಡಸಾಲೆಗೆ ತಗಡಿನ ಮಾಡು, ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಹೆಂಗಸರು ದೊಡ್ಡವ್ವನನ್ನು ಕಂಡು ಎದ್ದು ನಿಂತರು. ಫಕೀರವ್ವ ತಾಳವನ್ನು ತಂದು ಅವಳ ಕೈಗೆ ಕೊಟ್ಟಳು. ದೊಡ್ಡವ್ವ ಅದನ್ನು ತಿರುಗಿ ಕೊಟ್ಟು, "ಇವತ್ತು ನನ್ನ ಕೈ ಖಾಲಿ ಇಲ್ಲವ್ವ" ಎಂದು ಡಬ್ಬಿಯ ಹಲಗೆಯ ಮೇಲೆ ಅಂಗೈ ಇಟ್ಟಳು. ನಾನು ಸ್ವರ ಹಚ್ಚಿದೆ. ಹಾಡು ಎದ್ದಿತು, ಎಂಥ ಚಂದ ಎದ್ದಿತು! ಶ್ರುತಿ ಗೆರೆ ಎಳೆದಷ್ಟು ನೇರ. ಹಿಂದಿನವರ ಮುಖಗಳು ಅರಳಿದವು. ನಾನು ಕಂಬಕ್ಕೊರಗಿ ಕುಳಿತು ಮನಸ್ಸಿನಲ್ಲೇ ನನಗೊಂದು ಸನ್ಮಾನ ಮಾಡಿಕೊಂಡೆ.

ಸನ್ಮಾನ ಬೇಗ ಮುಗಿಯಿತು. ಇಂಥ ಡಬ್ಬಿಗಳಿಗೆ ಒಂದು ರೋಗವಿದೆ. ಬಿಸಿ ಏರಿದರೆ ಸ್ವರವೂ ಏರುತ್ತದೆ. ಮನೆಯಲ್ಲಿ ಫ್ಯಾನಿನ ಕೆಳಗೆ ಅದು ಅಷ್ಟಾಗಿ ಗೊತ್ತಾಗಿರಲಿಲ್ಲ. ತಗಡಿನ ಮಾಡಿನ ಕೆಳಗೆ ನನ್ನ ಡಬ್ಬಿ ಮೆಲ್ಲಮೆಲ್ಲಗೆ, ಯಾರಿಗೂ ಸುಳಿವು ಕೊಡದೆ, ಮೇಲೆ ಹತ್ತತೊಡಗಿತು. ದೊಡ್ಡವ್ವನ ಅಂಗೈ ಅದನ್ನು ಬಿಡಲಿಲ್ಲ, ಅದರ ಜೊತೆಗೇ ಹತ್ತಿದಳು. ಹಿಂದಿನವರು ರೂಢಿಯಂತೆ ದೊಡ್ಡವ್ವನ ಹಿಂದೆ ಹತ್ತಿದರು. ಬೇರೆ ಯಾವ ಊರಿನ ಹಾಡುಗಾರರಾದರೂ ನಡುವೆ ನಿಲ್ಲಿಸಿ ಇದೇನೆಂದು ಕೇಳುತ್ತಿದ್ದರು. ಇವರು ಕೇಳಲಿಲ್ಲ. ಕತ್ತಿನ ನರ ಉಬ್ಬಿದವು, ಸೆರಗಿನಿಂದ ಬೆವರು ಒರೆಸಿಕೊಂಡರು, ಆದರೆ ಒಬ್ಬರೂ ಬಿಡಲಿಲ್ಲ. ನಾನು ಗುಂಡಿಗೆ ಕೈ ಹಾಕಲು ಹೋದರೆ ನಡುವೆ ಹಾಡು ಮುರಿಯುವ ಭಯ. ಕೊನೆಯ ನುಡಿಯಲ್ಲಿ ಫಕೀರವ್ವನ ದನಿ ಒಡೆದು, ಕೆಮ್ಮು ಹತ್ತಿ, ಭಜನೆ ತಾನಾಗಿ ನಿಂತಿತು.

ದೊಡ್ಡವ್ವ ಹಿಂತಿರುಗಿ ಅವರ ಮುಖ ನೋಡಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಅವಳು ಮತ್ತೆ ಎದ್ದು ಹೋಗುತ್ತಾಳೆ, ಇನ್ನು ಎಂದೂ ಬರುವುದಿಲ್ಲ, ಅದಕ್ಕೆ ನಾನೇ ಕಾರಣ ಎಂದುಕೊಂಡೆ. ಫಕೀರವ್ವ ನೀರು ಕುಡಿದು, ಅವಳ ಮುಂದೆ ಬಂದು ಕುಳಿತು, ಎರಡೂ ಕೈ ಆಡಿಸಿ, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ಯಕ್ಕಾ, ನೀ ತಪ್ಪಿಲ್ಲ. ಡಬ್ಬಿ ತಪ್ಪೈತಿ. ಡಬ್ಬಿ! ನಮ್ಮನ್ನ ಮಾಳಗಿ ಮ್ಯಾಲೆ ಹತ್ತಿಸಿ ನಿಚ್ಚಣಿಕಿ ಕಸಗೊಂತು."

ದೊಡ್ಡವ್ವ ನನ್ನನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಗ ಅವಳು ನಕ್ಕಳು. ಉಳಿದವರೂ ನಕ್ಕರು. ಗುಡಿಯ ಪಡಸಾಲೆಯಲ್ಲಿ ಅಷ್ಟು ಜನ ಹೆಂಗಸರು ನನ್ನನ್ನು ತೋರಿಸಿ ನಗುತ್ತಿದ್ದರೆ ನನಗೆ ಅವಮಾನವೂ ಆಯಿತು, ಹೋದ ಜೀವ ಬಂದ ಹಾಗೂ ಆಯಿತು. ಆದರೂ ದೊಡ್ಡವ್ವ ಬಯಸಿದ್ದ ಸೋಮವಾರ ಅದಾಗಿರಲಿಲ್ಲ.

ರಾಣೆಬೆನ್ನೂರಿಗೆ ಬಂದು ರೋಗಕ್ಕೆ ಮದ್ದು ಹುಡುಕಿದೆ. ಬಿಸಿಗೆ ತಕ್ಕಂತೆ ಸ್ವರವನ್ನು ಕೆಳಗೆಳೆಯುವ ಒಂದು ಪುಟ್ಟ ಸಾಮಾನು ಸಿಗುತ್ತದೆ, ಅದನ್ನು ಒಳಗೆ ಅಂಟಿಸಬೇಕು. ಅಂಟಿಸಿದ್ದು ಸರಿಯಾಯಿತೋ ಇಲ್ಲವೋ ತಿಳಿಯಲು ಬಿಸಿಯನ್ನು ಬೇಕಾದಷ್ಟೇ ಏರಿಸಿ ನಿಲ್ಲಿಸುವ ಜಾಗ ಬೇಕು. ಅಂಥ ಜಾಗ ಊರಲ್ಲಿ ಒಂದೇ ಕಡೆ ಇತ್ತು, ನಾನು ಕೆಲಸ ಮಾಡುವ ಕೋಣೆಯ ಬೀಜ ಮೊಳೆಯಿಸುವ ಕಪಾಟಿನಲ್ಲಿ. ಸಂಜೆ ಸ್ವರ ಹುಟ್ಟಿಸುವ ಡಬ್ಬಿಯನ್ನು ಮೆಕ್ಕೆಜೋಳದ ಟ್ರೇಗಳ ನಡುವೆ ಇಟ್ಟೆ, ಬೆಳಿಗ್ಗೆ ಬೇಗ ಹೋಗಿ ತೆಗೆಯುವುದು ಎಂದು. ಅಂದು ನನಗಿಂತ ಮೊದಲು ಮ್ಯಾನೇಜರ್ ಬಂದಿದ್ದರು. ಕಪಾಟಿನ ಬಾಗಿಲು ತೆರೆದುಕೊಂಡು ಬಹಳ ಹೊತ್ತು ನಿಂತಿದ್ದರು ಎಂದು ಕಾಣುತ್ತದೆ.

"ಏನ್ರಿ ಈರಣ್ಣಾ, ಇದು ಯಾವ ತಳಿ?" ಎಂದು ಕೇಳಿದರು.

ನಾನು ಮುಚ್ಚಿಡದೆ ಎಲ್ಲ ಹೇಳಿದೆ. ದೊಡ್ಡವ್ವನ ಕಿವಿ, ಹಿಂದೆ ಹಿಡಿಯುವ ರೂಢಿ, ತಗಡಿನ ಮಾಡು. ಅವರು ಕೇಳಿ, ಕಪಾಟಿನ ಬಾಗಿಲು ಮುಚ್ಚಿ, "ಕೆಳಗಿನ ಖಾನೆ ಖಾಲಿ ಐತಿ, ಅಲ್ಲಿಡ್ರಿ. ಮ್ಯಾಲಿಂದಕ್ಕ ನೀರು ಸೋರ್ತೈತಿ" ಎಂದರು. ಅವರ ತಾಯಿಗೂ ಕಿವಿ ಕೇಳಿಸುತ್ತಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಡಬ್ಬಿ ಪಳಗುವಷ್ಟರಲ್ಲಿ ಮಳೆಗಾಲ ಬಂತು. ನಾನು ಬ್ಯಾಡಗಿಗೆ ಹೋದಾಗ ದೊಡ್ಡವ್ವನಿಗೆ ಉಳಿದಿದ್ದ ದಪ್ಪ ದನಿಗಳೂ ಹೋಗಿದ್ದವು. ಎಡಗಿವಿಯ ಹತ್ತಿರ ಬಾಯಿಟ್ಟು ಎಷ್ಟು ಕೂಗಿದರೂ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಅಪ್ಪನ ಗಿರಣಿ ಓಡುತ್ತಿತ್ತು, ಅವಳು ಅದಕ್ಕೆ ತಾಗಿದ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. "ಬೆನ್ನಿಗೆ ಅಷ್ಟು ಗೊತ್ತಾಕ್ಕೈತಿ" ಎಂದಳು. ನನಗೆ ಬಹಳ ಸಂಕಟವಾಯಿತು. ನಾನು ತಡ ಮಾಡಿದೆನೇನೋ ಅನ್ನಿಸಿತು. ಅವಳೇ ಎದ್ದು ಸೀರೆ ಬದಲಿಸಿ, "ಶ್ರಾವಣ ಸೋಮವಾರ ಐತಿ. ನಡಿ, ಲಗೂ ಹೋಗೂಣು" ಎಂದಳು.

ಅಂದು ಗುಡಿ ತುಂಬಿತ್ತು. ದೊಡ್ಡವ್ವ ಮುಂದೆ, ಅವಳ ಬೆನ್ನಿಗೆ ಫಕೀರವ್ವ, ಹಿಂದೆ ಉಳಿದವರು, ಪಕ್ಕದಲ್ಲಿ ಡಬ್ಬಿ ಮತ್ತು ನಾನು. ಅವಳು ಬಲಗೈಯನ್ನು ಹಲಗೆಯ ಮೇಲಿಟ್ಟಳು, ಎಡಗೈಯನ್ನು ಎದೆಯ ಮೇಲೆ. ಕಣ್ಣು ಮುಚ್ಚಿ ಕಾಯುತ್ತ ಕುಳಿತಳು. ಆಮೇಲೆ ಹಾಡಿದಳು. ದನಿಗೆ ವಯಸ್ಸಾಗಿತ್ತು, ಶ್ರುತಿಗೆ ಆಗಿರಲಿಲ್ಲ. ತನ್ನ ದನಿಯನ್ನೇ ಕೇಳಲಾಗದ ಹೆಂಗಸು ಹೀಗೆ ಹಾಡುವುದುಂಟೇ ಎಂದು ಹೊಸದಾಗಿ ಬಂದವರು ಬಾಯಿ ಬಿಟ್ಟುಕೊಂಡು ನೋಡಿದರು. ಡಬ್ಬಿಯೂ ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಈ ಸಲ ಸನ್ಮಾನದ ವಿಚಾರ ಮಾಡಲಿಲ್ಲ. ಹೀಗೇ ಮುಗಿಯಲಪ್ಪಾ ಎಂದು ಬಸವಣ್ಣನನ್ನೇ ನೋಡುತ್ತ ಕುಳಿತಿದ್ದೆ.

ಮೊದಲ ನುಡಿ ಮುಗಿದು ಎರಡನೆಯದಕ್ಕೆ ಹೋಗುವಾಗ ಕರೆಂಟು ಹೋಯಿತು. ಆಗೆಲ್ಲ ಕರೆಂಟು ಹೋಗದ ಮಧ್ಯಾಹ್ನವೇ ಇರಲಿಲ್ಲ. ಬಿಸಿಗೆ ಮದ್ದು ಹುಡುಕಲು ಅಷ್ಟು ದಿನ ತಿಣುಕಿದ ನನಗೆ ಇದೊಂದು ನೆನಪಾಗಿರಲಿಲ್ಲ. ಡಬ್ಬಿಯ ಸ್ವರ ಕುಸಿದು ಸತ್ತಿತು. ದೊಡ್ಡವ್ವನ ದನಿ ಸಾಲಿನ ನಡುವೆ ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ಅಂಗೈಯನ್ನು ಹಲಗೆಗೆ ಇನ್ನಷ್ಟು ಒತ್ತಿದಳು, ಅಲ್ಲಿ ಇಲ್ಲಿ ಸರಿಸಿದಳು, ಬೆರಳಿನಿಂದ ತಟ್ಟಿದಳು. ತಾಳವೂ ನಿಂತಿತು. ನಾನು ವಾಯರು ಎಳೆದೆ, ಬಿಟ್ಟೆ, ಏನೇನೋ ಮಾಡಿದೆ. ಮುಂದಿನವಳು ಎತ್ತದೆ ಹಿಂದಿನವರು ಎತ್ತುವ ಹಾಗಿಲ್ಲ.

ಫಕೀರವ್ವ ಎದ್ದಳು. ದೊಡ್ಡವ್ವನ ಮುಂದೆ ಬಂದು, ಅವಳಿಗೆ ಬೆನ್ನು ಮಾಡಿ, ಅವಳ ಮೊಣಕಾಲಿಗೆ ತಾಗಿ ಕುಳಿತಳು. ಹಿಂದಕ್ಕೆ ಕೈ ಚಾಚಿ, ಹಲಗೆಯ ಮೇಲಿದ್ದ ಆ ಕೈಯನ್ನು ಹಿಡಿದೆತ್ತಿ ತನ್ನ ಬೆನ್ನಿನ ಮೇಲೆ, ಕುತ್ತಿಗೆಯ ಕೆಳಗೆ ಇಟ್ಟುಕೊಂಡಳು. ಆಮೇಲೆ ಬಾಯಿ ಮುಚ್ಚಿ, ಮಾತಿಲ್ಲದ ಒಂದು ಸ್ವರ ಹಿಡಿದಳು. ಇಷ್ಟು ವರ್ಷ ಹಿಂದೆ ಹಿಡಿದವಳು ಅಂದು ಮೊದಲ ಸಲ ಮುಂದೆ ಹಾಡುವವಳಿಗೆ ಶ್ರುತಿ ಕೊಟ್ಟಳು. ಉಳಿದವರು ಒಬ್ಬೊಬ್ಬರಾಗಿ ಅದೇ ಸ್ವರವನ್ನು ಹಿಡಿದರು. ದೊಡ್ಡವ್ವನ ಬೆರಳುಗಳು ಆ ಬೆನ್ನಿನ ಮೇಲೆ ಅಗಲವಾದವು. ಅವಳು ಬಿಟ್ಟ ಸಾಲನ್ನು ಮೊದಲಿನಿಂದ ಎತ್ತಿದಳು.

ನನಗೆ ಅಳು ಬಂತು. ನಾಚಿಕೆಪಡದೆ ಅತ್ತೆ.

ಕೊನೆಯ ನುಡಿಯ ಹೊತ್ತಿಗೆ ಕರೆಂಟು ಬಂತು. ಫ್ಯಾನು ತಿರುಗಿತು, ಡಬ್ಬಿಯ ಕೆಂಪು ದೀಪ ಹೊತ್ತಿತು, ಗುಂಯ್ ಎಂದು ಅದರ ಸ್ವರ ತುಂಬಿಕೊಂಡಿತು. ಹೆಂಗಸರು ಅಷ್ಟರಲ್ಲಿ ಶ್ರುತಿಯಲ್ಲಿ ಒಂದಿಷ್ಟು ಕೆಳಗೆ ಇಳಿದಿದ್ದರು. ದೊಡ್ಡವ್ವನೂ ಅವರ ಜೊತೆಗೇ ಇಳಿದಿದ್ದಳು. ಒಬ್ಬಿಬ್ಬರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ದೊಡ್ಡವ್ವನ ಕಣ್ಣು ಮುಚ್ಚಿಯೇ ಇತ್ತು, ಕೈ ಫಕೀರವ್ವನ ಬೆನ್ನ ಮೇಲೆಯೇ ಇತ್ತು. ಆ ಹೊತ್ತಿನಲ್ಲಿ ಗುಡಿಯಲ್ಲಿ ಸರಿಯಾದ ಶ್ರುತಿಯಲ್ಲಿದ್ದದ್ದು ನನ್ನ ಡಬ್ಬಿ ಒಂದೇ. ನಾನು ಮುಂದಕ್ಕೆ ಬಾಗಿ ಅದರ ಸ್ವಿಚ್ಚು ಆರಿಸಿದೆ.